ಒಲೆ ಪಕ್ಕದ ಕಿಟಕಿ

ಅವಳು ಬೆಂಕಿಪೊಟ್ಟಣವನ್ನು ನಕ್ಷೆಯ ಮೇಲಿಟ್ಟು, ಸಮುದ್ರದಂಚಿನ ಹೆದ್ದಾರಿಯ ಕೆಂಪು ಗೆರೆಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಳ್ಳತೊಡಗಿದಳು. ಪೊಟ್ಟಣದ ಬಲಬದಿಗೆ ಪೆನ್ನಿನಿಂದ ಒಂದು ಕತ್ತರಿ ಗುರುತು ಹಾಕಿದ್ದಳು. ಗಂಡನೂ ಮೈದುನನೂ ಟೀ ಲೋಟ ಹಿಡಿದು ನೋಡುತ್ತಿದ್ದರು. ಪೊಟ್ಟಣ ಊರು ಬಿಟ್ಟಿತು, ದೀಪಸ್ತಂಭ ದಾಟಿತು, ಕೊಲ್ಲಿಯನ್ನು ಬಳಸಿ ಮೇಲೇರಿತು. ಎಡಕ್ಕೆ ಉದ್ದಕ್ಕೂ ನೀಲಿ. ಗುರುತಿನ ಕಡೆ ಉದ್ದಕ್ಕೂ ಗುಡ್ಡಗಳ ಕಂದು ಬಣ್ಣ.

"ಈ ಗುರುತು ನಾನು," ಎಂದಳು. "ನಾಲ್ಕು ದಿನ ಬಂಡೆ ನೋಡ್ಕೊಂಡು ಹೋಗ್ಬೇಕು."

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮುರಿದ ಕೈಕಾಲುಗಳ ಪಕ್ಕ ಎಡ, ಬಲ ಎಂದು ಸೀಸದ ಅಕ್ಷರ ಇಡುವುದು ಅವಳ ನಿತ್ಯದ ಕೆಲಸ. ಆ ಕೋಣೆಗೆ ಕಿಟಕಿಯೇ ಇಲ್ಲ. ಬೆಳಿಗ್ಗೆ ಬಾಡಿಗೆಯ ಕ್ಯಾರವಾನ್ ಬಂದು ಮನೆಯೆದುರು ನಿಂತಾಗ ಗಂಡ ಅದರ ಕನ್ನಡಿಗಳನ್ನು ತಿರುಗಿಸಿ ನೋಡಿದ, ಮೈದುನ ಟೈರು ಒದ್ದು ನೋಡಿದ. ಅವಳು ಮಾತ್ರ ಒಳಗೆ ಹೋಗಿ ತನಗೆಂದು ಗೊತ್ತುಮಾಡಿದ್ದ ಜಾಗದಲ್ಲಿ ಕೂತಳು. ಒಲೆಯ ಪಕ್ಕ ಒಂದು ಬೆಂಚು, ಬೆಂಚಿಗೊಂದು ಬೆಲ್ಟು, ಒಂದು ಕಿಟಕಿ. ಎಲ್ಲವೂ ಬಲಗಡೆ. ಎಡಗಡೆ ಬಚ್ಚಲು, ಬೀರು. ಆ ಗೋಡೆಗೆ ಒಂದು ತೂತೂ ಇರಲಿಲ್ಲ.

ಮುಂದೆ, ಗಾಡಿ ಓಡಿಸುವ ಮೈದುನನ ಎಡಕ್ಕೆ, ಸಮುದ್ರದ ಕಡೆಗೆ ಇನ್ನೊಂದು ಸೀಟಿತ್ತು; ಅದು ಗಂಡನದು. ಸರದಿಯ ಮೇಲೆ ಕೂರೋಣ ಎಂದು ಅವಳು ಕಳೆದ ವಾರವೇ ಕೇಳಿದ್ದಳು. ಅದು ನೋಟ ನೋಡುವ ಜಾಗವೇ ಅಲ್ಲ ಎಂದಿದ್ದ ಗಂಡ. ಮುಂದಿನ ಗಾಜಿನಲ್ಲಿ ಕಾಣುವುದು ಎದುರಿನ ಲಾರಿಯ ಬೆನ್ನು. ಅಲ್ಲಿ ಕೂತವನು ದಾರಿ ಹೇಳಬೇಕು, ತಿರುವು ನೋಡಬೇಕು, ಡ್ರೈವರ್ ತೂಕಡಿಸದಂತೆ ಮಾತಾಡುತ್ತಿರಬೇಕು; ಗಾಣದೆತ್ತಿನ ಪಾಡು. ಈಗಲೂ ಅದನ್ನೇ ಹೇಳಿದ. ಹೇಳಿ, ಒಂದು ಸಂಸ್ಥಾನವನ್ನೇ ಬರೆದುಕೊಡುವವನಂತೆ ಕೈಬೀಸಿದ.

"ಅಡುಗೆಮನೆ ಪೂರಾ ನಿಂದು. ನಾನು ಆ ಕಡೆ ತಲೆನೂ ಹಾಕಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಒಂದು ತಿಂಗಳಿಂದ ಅಣ್ಣತಮ್ಮಂದಿರು ಇದೇ ಮೇಜಿನ ಮೇಲೆ ಇದೇ ನಕ್ಷೆ ಹಾಸಿಕೊಂಡು ಯಾವ ತಿರುವಿನಲ್ಲಿ ಸೂರ್ಯ ಎಲ್ಲಿರುತ್ತಾನೆ, ಯಾವ ಸೇತುವೆಯಿಂದ ದೋಣಿಗಳು ಕಾಣುತ್ತವೆ ಎಂದು ಲೆಕ್ಕ ಹಾಕಿದ್ದರು. ಸೂರ್ಯನ ಮುಖ ಎತ್ತ ಎಂದು ಅವರಿಗೆ ಗೊತ್ತಿತ್ತು. ಹಿಂದೆ ಕೂತವಳ ಮುಖ ಎತ್ತ ಎಂದು ಇಬ್ಬರೂ ಯೋಚಿಸಿರಲಿಲ್ಲ. ಪಾತ್ರೆಪಡಗದ ಜೊತೆ ಅವಳನ್ನೂ ತುಂಬಿಕೊಂಡಿದ್ದರು, ಅಷ್ಟೇ.

ಮುಂದಿನ ಸೀಟು ತನಗೆ ಬೇಕಿಲ್ಲ, ಹೋಗುವ ದಾರಿ, ಬರುವ ದಾರಿ ಅದಲುಬದಲು ಮಾಡಿದರೆ ಸಾಕು ಎಂದಳು. ಹೋಗುವಾಗ ಗುಡ್ಡದಾಚೆಯ ಒಳನಾಡಿನ ಹೆದ್ದಾರಿ, ಬರುವಾಗ ಸಮುದ್ರದ ಹೆದ್ದಾರಿ. ಅದೇ ಊರುಗಳು, ಅದೇ ಡೀಸೆಲ್. ಪೊಟ್ಟಣವನ್ನು ಗೆರೆಯ ಆಚೆ ತುದಿಗೆ ಒಯ್ದು, ಮೂತಿ ಮನೆಯ ಕಡೆಗೆ ಮಾಡಿ ಇಟ್ಟಳು. ಕತ್ತರಿ ಗುರುತು ನೀಲಿಗೆ ತಾಗಿ ನಿಂತಿತು.

ಗಂಡ ಒಪ್ಪಲಿಲ್ಲ. ಈ ಹೆದ್ದಾರಿಯನ್ನು ಎಲ್ಲರೂ ಈ ತುದಿಯಿಂದಲೇ ಹಿಡಿಯುತ್ತಾರೆ, ವಾಪಸು ಬರುವಾಗ ಸುಸ್ತಾದ ಕಣ್ಣಿಗೆ ಸಮುದ್ರವಾದರೇನು ಕೆರೆಯಾದರೇನು ಎಂದ. ಪುಸ್ತಕವನ್ನು ಯಾರಾದರೂ ಹಿಂದಿನಿಂದ ಓದುತ್ತಾರೆಯೇ ಎಂದ. ಮುಂದಿನಿಂದ ಓದಿದರೆ ತನಗೆ ರಟ್ಟು ಬಿಟ್ಟು ಬೇರೇನೂ ಕಾಣುವುದಿಲ್ಲವಲ್ಲ ಎಂದಳು ಅವಳು. ಕೊನೆಗೆ ಅವನು, ಒಳ್ಳೆಯ ಜಾಗ ಬಂದಾಗಲೆಲ್ಲ ನಿಲ್ಲಿಸುತ್ತೇವೆ, ಇಳಿದು ಕಣ್ತುಂಬ ನೋಡಿಕೋ ಎಂದು ಸಮಾಧಾನ ಹೇಳಿದ.

"ರೀ, ನೀವು ಇಳಿದಾಗ್ಲೇ ತಾನೆ ನಾನು ಒಲೆ ಹಚ್ಚೋದು? ಓಡೋ ಗಾಡೀಲಿ ಹಚ್ಚೋಕಾಗುತ್ತಾ? ಗಾಡಿ ಓಡ್ತಾ ಇದ್ರೇನೇ ನನಗೆ ಬಿಡುವು."

ಮೈದುನ ನಕ್ಕ. ಅವನು ಆಂಬುಲೆನ್ಸ್ ಓಡಿಸುವವನು. "ಹಿಂದೆ ಕೂತವರು ಕಿಟಕಿ ಕೇಳಿದ್ದು ಇದೇ ಮೊದಲು ಅತ್ತಿಗೆ," ಎಂದ. ಬಗ್ಗಿ, ಪೊಟ್ಟಣವನ್ನು ತಾನೇ ಒಮ್ಮೆ ಅತ್ತ, ಒಮ್ಮೆ ಇತ್ತ ಓಡಿಸಿದ. ಬಾಯಲ್ಲೇ ಹಾರನ್ ಕೂಡ ಹೊಡೆದ. ಆಮೇಲೆ ತಲೆ ಕೆರೆದುಕೊಂಡ.

"ಅಣ್ಣಾ, ಅತ್ತಿಗೆ ಹೇಳೋದೇ ಸರಿ ಅನ್ಸುತ್ತೆ. ಬರ್ತಾ ಆದ್ರೆ ಡ್ರೈವರಿಗೂ ಸಮುದ್ರ ಸಿಗುತ್ತೆ ನೋಡು."

ಈಗ ಒಬ್ಬನ ಎದುರು ಇಬ್ಬರಾದರು. ಗಂಡ ಲೋಟ ಕೆಳಗಿಟ್ಟು ಪೊಟ್ಟಣವನ್ನು ಎಳೆದುಕೊಂಡ. ಆಚೆ ತುದಿಯಿಂದ ಮನೆಯವರೆಗೆ ಒಂದೊಂದೇ ತಿರುವು ತಿರುಗಿಸುತ್ತ ತಂದ. ದಿನವಿಡೀ ಇನ್ನೊಬ್ಬರಿಗೆ ಉಸಿರು ಹಿಡಿಯಿರಿ ಎನ್ನುವವಳು ಈಗ ತಾನೇ ಹಿಡಿದು ನಿಂತಿದ್ದಳು. ಗುರುತಿಲ್ಲದ ಎಡಬದಿ, ಅವನು ಕೂರುವ ಬದಿ, ದಾರಿಯುದ್ದಕ್ಕೂ ಗುಡ್ಡಕ್ಕೆ ಅಂಟಿಕೊಂಡೇ ಬಂತು. ಅದನ್ನೇ ಬಹಳ ಹೊತ್ತು ನೋಡಿದ. ನಂತರ ಮುಖ ಅರಳಿತು. ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟ.

"ಆಯ್ತು, ನೀನು ಹೇಳಿದ ಹಾಗೇ ಆಗ್ಲಿ. ಇಷ್ಟಕ್ಕೆಲ್ಲ ಯಾಕೆ ಮುಖ ಊದಿಸ್ಕೋತೀಯ? ಬರ್ತಾ ಮುಂದಿನ ಸೀಟು ನೀನೇ ತಗೋ, ರಾಣಿ ಹಾಗೆ ಕೂತ್ಕೋ. ನಾನು ಆ ಬೆಂಚಲ್ಲಿ ಹೇಗೋ ಅಡ್ಜಸ್ಟ್ ಮಾಡ್ಕೋತೀನಿ."

ಮೈದುನ ಖಾಲಿ ಲೋಟಕ್ಕೆ ಬಾಯಿಟ್ಟು ಕುಡಿದಂತೆ ಮಾಡಿದ.

ಅವಳು ಭುಜದ ಮೇಲಿನ ಕೈಯನ್ನು ಎರಡು ಬೆರಳಲ್ಲಿ ಎತ್ತಿ, ನಕ್ಷೆಯ ಮೇಲೆ, ಕಂದು ಗುಡ್ಡಗಳಿದ್ದ ಕಡೆ ಇಟ್ಟಳು.

"ಬೇಡ," ಎಂದಳು. "ಅಡುಗೆಮನೆ ನಂದು."