ಗರಿ ಮೂಡದ ನವಿಲು

ಇದನ್ನು ಪೂರ್ತಿ ಓದಿ ಗೆಳೆಯರೇ… ಓದಿ ಮುಗಿಸಿದ ಮೇಲೂ ಕಣ್ಣು ಒದ್ದೆಯಾಗದಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ!

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಅಂತಿಂಥ ರಿಪೇರಿಯವನಲ್ಲ… ನಾನು ಬೀದಿಗೆ ಕಾಲಿಟ್ಟರೆ ವೈರಸ್‌ಗಳು ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಜಿಲ್ಲೆಗೆ ಓಡುತ್ತವೆ.

ಸತ್ತ ಪ್ರಿಂಟರ್ ಒಂದು ನನ್ನ ಕೆಮ್ಮು ಕೇಳಿಯೇ ಎದ್ದು ಎರಡು ಹಾಳೆ ಉಗುಳಿದೆ. ಸಾಕ್ಷಿ ಇದ್ದಾರೆ.

ಒಂದು ದಿನ ಬೆಳಿಗ್ಗೆ ಗುಳೇದಗುಡ್ಡದಿಂದ ಫೋನ್. ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮನೆ. ಮಾತಾಡಿದವರು ಅಂಬವ್ವ ಎಂಬ ವಯಸ್ಸಾದ ಹೆಂಗಸು.

"ತಮ್ಮಾ, ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೇ ಒಂದು ವಿಂಡೋ ತಾನ ತೆರೀತೈತಿ. ಅದನ್ನ ಬರದಂಗ ಮಾಡಿ ಕೊಡೋ ಯಪ್ಪಾ…"

ಬೈಕ್ ಹತ್ತಿದೆ. ಗಾಳಿ ನನ್ನನ್ನು ಹಿಡಿಯಲಾಗದೆ ಹಿಂದೆಯೇ ಉಳಿಯಿತು.

ಆದರೆ ಆ ಮನೆಯೊಳಗೆ ಕಾಲಿಟ್ಟಾಗ ನನ್ನಂಥ ನಾನೂ ಮೆತ್ತಗಾದೆ…

ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಎಳೆಗಳ ಧೂಳು ಚಿನ್ನದಂತೆ ತೇಲುತ್ತಿತ್ತು. ಗೂಟಕ್ಕೆ ತೂಗುಬಿಟ್ಟ ಕೆಂಪು, ಹಸಿರು ನೂಲು ಮೆಲ್ಲಗೆ ಆಡುತ್ತಿತ್ತು. ನೀರಿನಡಿಯ ಯಾವುದೋ ಊರಿಗೆ ಬಂದಂತಿತ್ತು.

ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು… ಈ ಮನೆಯ ಮಗ್ಗ ಮಾತ್ರ ಸುಮ್ಮನೆ ನಿಂತಿತ್ತು.

ಅಂಬವ್ವ ಕಂಪ್ಯೂಟರ್ ಆನ್ ಮಾಡಿದರು. ಕಣ್ಣು ಮಿಟುಕಿಸುವುದರೊಳಗೆ ಸ್ಕ್ರೀನ್ ತುಂಬ ಒಂದು ನವಿಲು!

ಕೊರಳು ಇತ್ತು, ಕಿರೀಟ ಇತ್ತು, ನೋಡುವ ಕಣ್ಣೂ ಇತ್ತು. ಗರಿ ಇರಬೇಕಾದ ಜಾಗದಲ್ಲಿ ಬರೀ ಖಾಲಿ ಚೌಕಗಳು…

"ಎಷ್ಟು ಚಂದೈತಿ! ಇದನ್ಯಾಕ ಬ್ಯಾಡಂತೀಬೇ?" ಎಂದೆ.

"ಖಣದಾಗ ನೇಯಾಕಂತ ನಮ್ಮ ಯಜಮಾನ್ರು ಬರದದ್ದು. ಗರಿ ಬರಿಯೂದ್ರಾಗ… ಹೋಗಿಬಿಟ್ರು."

ಅವರ ಯಜಮಾನರದು ಒಂದು ಪದ್ಧತಿಯಂತೆ. ನೇಕಾರರು ಹಳೆಯ ಹಾಸಿನ ಉದ್ದನೆಯ ಎಳೆಗಳನ್ನು ಮಗ್ಗದಲ್ಲೇ ಸ್ವಲ್ಪ ಉಳಿಸಿ, ಹೊಸ ಎಳೆಗಳನ್ನು ಅವಕ್ಕೇ ಗಂಟು ಹಾಕುತ್ತಾರಲ್ಲ… ಹಾಗೆಯೇ ಇವರೂ, ನಿನ್ನೆ ನಿಲ್ಲಿಸಿದ ಡಿಸೈನ್ ಇಂದು ತಾನಾಗಿಯೇ ತೆರೆಯುವಂತೆ ಕಂಪ್ಯೂಟರಿಗೆ ಹೇಳಿಟ್ಟಿದ್ದರು.

"ಮೂಲ್ಯಾಗಿನ ಗುಣಾಕಾರದ ಗುರುತು ಒತ್ತಿದ್ರ ಮುಚ್ಚತೈತಲ್ಲಬೇ?"

"ಮುಚ್ಚತೈತಿ. ದಿನಾ ನನ್ನ ಕೈಯಿಂದನ ಮುಚ್ಚಬೇಕಲ್ಲೋ… ದಿನಾ ಅವರನ್ನ ಹೊಸ್ತಿಲಾ ದಾಟಿಸಿ ಕಳಿಸಿದಂಗ ಆಗತೈತಿ. ಆಮ್ಯಾಲ ಕೈ ಆಡೂದಿಲ್ಲ."

ಬಳ್ಳಿ, ಹೂವು ಬರೆಯುವುದರಲ್ಲಿ ಅಂಬವ್ವನದೂ ಪಳಗಿದ ಕೈ. ಆದರೆ ಯಜಮಾನರು ಹೋದಾಗಿನಿಂದ ಆ ಕೈ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಹೊಸ ಡಿಸೈನ್ ಇಲ್ಲದೆ ಮಗ್ಗ ನಿಂತಿತ್ತು. ಹೀಗೇ ಆದರೆ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕುವುದೊಂದೇ ಬಾಕಿ.

"ಮೊದಲ ಒಬ್ಬಾಂವ ಬಂದಿದ್ದ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ ಅಂದ. ಹೊರಗ ಅಟ್ಟಿದೆ."

"ಅಂವಗೇನ್ ಗೊತ್ತಬೇ! ನನ್ನಂಥಾ ಡಾಕ್ಟರ್ ಈ ಕಡಿ ಏಳು ಜಿಲ್ಲಾದಾಗ ಇಲ್ಲ."

"ಬಾಯಿ ಭಾಳ ಜೋರೈತಿ. ಕೈ ಹೆಂಗೈತಿ ನೋಡೂಣು ಬಾ."

ಕಂಪ್ಯೂಟರ್ ಏಳುವಾಗ ಏನೇನು ಮಾಡಬೇಕೆಂದು ಬರೆದಿಟ್ಟಿರುವ ಸಿಸ್ಟಂ ಫೈಲ್ ತೆರೆದೆ. ಲಕ್ಷಾಂತರ ಸಾಲುಗಳ ಅಡವಿ! ಸರಿ ಬಿಡಿ, ಇಪ್ಪತ್ತು ಮೂವತ್ತು ಇದ್ದಿರಬಹುದು… ಅದರೊಳಗೆ ನವಿಲನ್ನು ಕರೆಯುವ ಸಾಲು ಸಿಕ್ಕೇಬಿಟ್ಟಿತು.

ಆರಿಸಿದೆ. ಬೆರಳು ಡಿಲೀಟ್ ಕೀ ಮೇಲೆ…

"ತಡೀ! ಅಳಿಸಿದ್ರ ಮತ್ತ ಬರೂದ ಇಲ್ಲೇನು?"

"ಚಿತ್ರ ಎಲ್ಲೂ ಹೋಗೂದಿಲ್ಲಬೇ. ತಾನಾಗಿ ಬರೂದು ಅಷ್ಟ ನಿಲ್ಲತೈತಿ."

"ಆದ್ರೂ… ಆ ಸಾಲು ಅವರು ಕುಂತು ಬರದದ್ದೋ."

ನಾನು ಬೆರಳು ತೆಗೆದೆ. ಆ ಸಾಲಿನ ಮುಂದೆ ಒಂದೇ ಒಂದು ಸೆಮಿಕೋಲನ್ ಇಟ್ಟೆ. ಒಂದು ಚುಕ್ಕಿ, ಕೆಳಗೊಂದು ಕೊಂಕು… ಅಷ್ಟೇ.

"ಈ ಗುರುತು ಮುಂದ ಕುಂತ್ರ ಸಾಲು ನಿದ್ದಿ ಹೋಗತೈತಿಬೇ. ಸಾಯೂದಿಲ್ಲ. ಇದನ್ನ ತಗದ್ರ ಮತ್ತ ಏಳತೈತಿ."

ಸೇವ್ ಮಾಡಿ ರೀಸ್ಟಾರ್ಟ್ ಕೊಟ್ಟೆ.

ಸ್ಕ್ರೀನ್ ಮೆಲ್ಲಗೆ ನೀಲಿಯಾಯಿತು… ಮಂಜು ಸರಿದ ಆಕಾಶದಂತೆ, ಖಾಲಿ ಖಾಲಿ. ನವಿಲು ಬರಲಿಲ್ಲ.

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿ ಗೋಡೆಗೆ ಬಡಿಯಿತು! ತಿರುಗಿ ನೋಡಿದರೆ… ಅಂಬವ್ವನ ಕೆನ್ನೆ ಮೇಲೆ ನೀರು.

ಹಾರಿದ ಗುಂಡಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಮೆಲ್ಲಗೆ ಕೇಳಿದೆ: "ಮತ್ತ ಎಬ್ಬಸಲೇನಬೇ?"

ಅವರು ತಲೆಯಾಡಿಸಿ ಬೇಡವೆಂದರು. ಸೆರಗಿನಿಂದ ಮುಖ ಒರೆಸಿಕೊಂಡು ಮೌಸ್ ಮೇಲೆ ಕೈಯಿಟ್ಟರು. ಹುಡುಕಿದರು… ಒತ್ತಿದರು. ಅದೇ ನವಿಲು!

"ಅಯ್ಯ! ಮತ್ತ ಅದನ್ನ ತೆರದ್ಯಲ್ಲಬೇ! ನಾ ಮಾಡಿದ್ದೆಲ್ಲಾ ನೀರಾಗ ಹೋತಲ್ಲ!"

"ಇಷ್ಟು ದಿನ ಅದ ಬಂದು ನನ್ನ ಮುಂದ ನಿಂದರತಿತ್ತು. ಇವತ್ತ ನಾ ಕರದೀನಿ… ಸರೀ ಅತ್ತಾಗ, ಬೆಳಕಿಗೆ ಅಡ್ಡ ನಿಂತೀದಿ."

ಸರಿದು ನಿಂತೆ.

ಖಾಲಿ ಚೌಕವೊಂದು ಹಸಿರಾಯಿತು. ಅದರ ಪಕ್ಕದ್ದು ನೀಲಿ… ಕೊರಳ ಹಿಂದಿನಿಂದ ಒಂದು ಗರಿ ಬಳ್ಳಿಯಂತೆ ಬಳುಕುತ್ತ ಹೊರಬಂತು. ನವಿಲು ಕತ್ತು ಹೊರಳಿಸಿ ಅದನ್ನು ನೋಡಿಕೊಂಡಿತು. ಆಣೆ ಮಾಡಿ ಹೇಳುತ್ತೇನೆ!

"ಯಜಮಾನ್ರೂ ಗರಿ ಹಿಂಗ ಬರೀತಿದ್ರೇನಬೇ?"

ಅಂಬವ್ವ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ತುಟಿಯಂಚಿನಲ್ಲಿ ಮಾತ್ರ ಸಣ್ಣ ನಗು.

"ಇಲ್ಲ. ಕೊರಳು ಅವರದು… ಗರಿ ನಂದು."

~~~

ಅಗಲಿದವರ ನೆನಪನ್ನು ಅಳಿಸಬೇಕಾಗಿಲ್ಲ… ಅದನ್ನು ಕರೆಯುವ ಕೈ ನಮ್ಮದಾದರೆ ಸಾಕು.

ನಿಮ್ಮ ಮನಸ್ಸಿನಲ್ಲೂ ಬೆಳಗಾದರೆ ತಾನಾಗಿಯೇ ತೆರೆದುಕೊಳ್ಳುವ ಒಂದು ವಿಂಡೋ ಇದೆಯಲ್ಲವೇ… ಅದನ್ನು ದಿನವೂ ಮುಚ್ಚುತ್ತಲೇ ಇರುತ್ತೀರೋ, ಇಲ್ಲ ಒಂದು ದಿನ ನೀವೇ ತೆರೆದು ಉಳಿದದ್ದನ್ನು ಬರೆಯುತ್ತೀರೋ?