ತತ್ತ್ವಶಾಸ್ತ್ರ ವಿಭಾಗದ ಪರವಾಗಿ

ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗವನ್ನು ಮುಚ್ಚಬೇಕೇ ಬೇಡವೇ ಎಂಬುದು ಅಂದಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಮುಚ್ಚಿದರೆ ಅತಿಥಿ ಉಪನ್ಯಾಸಕಿ ಪದ್ಮಾಕ್ಷಿಯ ಕೆಲಸವೂ ಹೋಗುತ್ತಿತ್ತು. ಅವಳ ಭರವಸೆಯೆಲ್ಲ ಈಗ ಪಕ್ಕದಲ್ಲಿ ಎದ್ದು ನಿಂತ ವಿಭಾಗದ ಮುಖ್ಯಸ್ಥರ ಮೇಲಿತ್ತು. ವಾದದಲ್ಲಿ ಅವರನ್ನು ಗೆದ್ದವರಿರಲಿಲ್ಲ.

“ಚುಟುಕಾಗಿ ಹೇಳಿ ಮೇಷ್ಟ್ರೇ, ಮಂತ್ರಿಗಳು ಬರೋ ಹೊತ್ತಾಯ್ತು,” ಎಂದರು ಕುಲಪತಿ.

“ಈ ಪದವಿ ತಗೊಂಡವರಿಗೆ ಕೆಲಸ ಸಿಗಲ್ಲ,” ಎಂದು ಮೇಷ್ಟ್ರು ಶುರು ಮಾಡಿದರು. “ಈ ವರ್ಷ ಸೇರಿರೋದು ನಾಲ್ಕೇ ಜನ. ಅದರಲ್ಲಿ ಇಬ್ಬರು ಬಂದಿರೋದು ಹಾಸ್ಟೆಲ್ ಸಿಗುತ್ತೆ ಅಂತ.”

ಯಾರೋ ಕಿಸಕ್ಕನೆ ನಕ್ಕರು. ಪದ್ಮಾಕ್ಷಿ ಮೇಷ್ಟ್ರ ಕೋಟಿನ ತುದಿ ಜಗ್ಗಿ, “ಸಾರ್, ಬೇಡ, ಟೈಮಿಲ್ಲ,” ಎಂದು ಪಿಸುಗುಟ್ಟಿದಳು.

“ಸುಮ್ನಿರಮ್ಮ, ಕ್ರಮ ಅಂತ ಒಂದಿದೆ.” ಮೇಷ್ಟ್ರ ದನಿ ಏರಿತು. “ಜನರ ತೆರಿಗೆಯಲ್ಲಿ ನಡೆಯೋ ವಿಶ್ವವಿದ್ಯಾಲಯ ಜನರಿಗೆ ಅನ್ನ ಕೊಡೋ ವಿದ್ಯೆ ಕಲಿಸಬೇಕು. ಆತ್ಮ ಇದೆಯೋ ಇಲ್ಲವೋ ಅನ್ನೋದನ್ನ ಮನೆ ಜಗಲಿ ಮೇಲೆ ಕೂತೂ ಚರ್ಚೆ ಮಾಡಬಹುದು!”

ಕುಲಪತಿ ಮೇಜು ತಟ್ಟಿದರು. “ಭೇಷ್! ಇಷ್ಟು ಚೆನ್ನಾಗಿ ಹೇಳೋಕೆ ನನಗೂ ಬರ್ತಿರಲಿಲ್ಲ. ಮುಚ್ಚೋಣ ಅನ್ನೋರು ಕೈ ಎತ್ತಿ.”

ಸದಸ್ಯರೆಲ್ಲರ ಕೈಗಳೂ ಮೇಲೆದ್ದವು. ಕುಲಪತಿ ಕಾರಿನ ಕಡೆ ಹೊರಟರು. ಮೇಷ್ಟ್ರು ಗಾಬರಿಯಿಂದ ಬಾಗಿಲವರೆಗೂ ಓಡಿದರು.

“ಸಾರ್, ನಿಲ್ಲಿ! ಎದುರಾಳಿಯ ವಾದವನ್ನ ಮೊದಲು ಪೂರ್ತಿ ಹೇಳಬೇಕು ಅನ್ನೋದು ನಮ್ಮ ಶಾಸ್ತ್ರದ ಪದ್ಧತಿ. ನಮ್ಮ ಉತ್ತರ ಇನ್ನೂ ಶುರುವೇ ಆಗಿಲ್ಲ!”