ಸಾಲಿನ ಮೊದಲ ಜೊತೆ

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ ಬಾಗಿಲು ಮುಚ್ಚಿತ್ತು. ಎಂದಿನಂತೆ ಇವತ್ತೂ ಬಂದಿಲ್ಲ ಅಂದುಕೊಂಡ ಜನ, ಸರದಿ ಹಿಡಿಯಲು ಬಾಗಿಲ ಮುಂದೆ ಸಾಲಾಗಿ ಚಪ್ಪಲಿ ಬಿಟ್ಟು ಬೇವಿನ ಮರದ ನೆರಳಲ್ಲಿ ಕೂತರು. ಜ್ವರದಿಂದ ಸುಡುತ್ತಿದ್ದ ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡ ಚೌಡಮ್ಮನ ಕಣ್ಣು ಮಾತ್ರ ಸಾಲಿನ ಮೇಲೇ ಇತ್ತು. ಪಕ್ಕದಲ್ಲಿ ಕೂತಿದ್ದವನನ್ನು ಕೇಳಿದಳು.

“ಹೊಂಬಾಳಣ್ಣ, ಎಲ್ಲರಿಗಿಂತ ಮೊದಲು ಬಂದೋಳು ನಾನು. ನನ್ನ ಚಪ್ಪಲಿಗಿಂತ ಮುಂದೆ ಆ ಮಿರಿಮಿರಿ ಬೂಟು ಯಾರದು?”

“ಯಾರೋ ಮೆಂಬರ್ ಕಡೆಯೋರದ್ದು ಇರ್ಬೇಕು ಕಣಕ್ಕ. ನಿನ್ನೆ ಸಂಜೆನೇ ಇಟ್ಟು ಹೋಗಿರ್ಬೇಕು. ಡಾಕ್ಟರು ಬರೋ ಹೊತ್ತಿಗೆ ಸರಿಯಾಗಿ ಕಾರಲ್ಲಿ ಬಂದಿಳೀತಾರೆ, ನೋಡ್ತಿರು.”

“ಬರಿಗಾಲಲ್ಲಾ?”

“ದೊಡ್ಡೋರ ಹತ್ರ ಇನ್ನೊಂದು ಜೊತೆ ಇರಲ್ವಾ?”

ಚೌಡಮ್ಮ ಮಗುವನ್ನು ಅವನ ಕೈಗಿತ್ತು ಎದ್ದಳು. ಬೂಟು ಎತ್ತಿಕೊಂಡು ಹೋಗಿ ಸಾಲಿನ ಕಟ್ಟಕಡೆಗೆ ಕುಕ್ಕಿ ಬಂದಳು.

“ಈಗ ಬರಲಿ.”

ಬಿಸಿಲು ನೆತ್ತಿಗೇರಿತು. ಮಗು ನರಳಿತು. ಕಾರೂ ಬರಲಿಲ್ಲ, ಡಾಕ್ಟರೂ ಬರಲಿಲ್ಲ.

ಅಷ್ಟರಲ್ಲಿ ಡಾಕ್ಟರ ಬಾಗಿಲು ಒಳಗಿನಿಂದ ತೆರೆಯಿತು. ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡ ಯುವಕನೊಬ್ಬ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತು ಅತ್ತಿತ್ತ ನೋಡಿದ.

“ಮೊದಲ ದಿನ ಅಂತ ಬೆಳಗಾಗೋಕೆ ಮುಂಚೆನೇ ಬಂದು ಕೂತೆ, ಒಬ್ಬರೂ ಒಳಗೆ ಬರಲಿಲ್ಲ. ಊಟಕ್ಕಾದ್ರೂ ಹೋಗೋಣ ಅಂದ್ರೆ ಇಲ್ಲಿ ಬಿಟ್ಟಿದ್ದ ನನ್ನ ಬೂಟೂ ಇಲ್ವಲ್ಲಮ್ಮ?”